ವಡ್ಡಾರಾಧನೆಯ ‘ಕವಚ’: ನಿರ್ಣಯದಲ್ಲಿ ಭಾವ ಮತ್ತು ವಿವೇಕ

ವಡ್ಡಾರಾಧನೆಯ ಕಥೆಗಳನ್ನು ಕುರಿತು ಆಡುವ ಮಾತುಗಳಲ್ಲಿ ಒಂದು ಮಾತು ಬಹುಕಾಲದಿಂದ ಬೇರೂರಿ ನಿಂತಿದೆ. ಭಾವಾವೇಶಕ್ಕೆ ಸಿಕ್ಕಿ ಕೆಟ್ಟವರ ಹಾಗೂ ವಿವೇಕದಿಂದ ಭಾವವನ್ನು ಗೆದ್ದು ಸದ್ಗತಿಯನ್ನು ಪಡೆದವರ ಕಥೆಗಳು ಇವು ಎಂಬುದೇ ಆ ಮಾತು. ವೈರಾಗ್ಯವೆಂದರೆ ಭಾವಶೂನ್ಯತೆ, ಭಾವಶೂನ್ಯತೆಯೇ ವಿವೇಕ ಎಂಬ ಸಮೀಕರಣವು ಈ ಅಭಿಪ್ರಾಯದ ತಳದಲ್ಲಿದೆ. ಗ್ರಂಥವನ್ನು ಅದರ ಮೂಲದೊಡನೆಯೂ ಅದರ ಪ್ರಯೋಜನದೊಡನೆಯೂ ಇಟ್ಟು ಓದಿದಾಗ ಈ ಸಮೀಕರಣವು ನಿಲ್ಲುವಂತೆ ತೋರುವುದಿಲ್ಲ. ಕಥೆಗಳೇ ಅದಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತವೆ.

ಗ್ರಂಥದ ಹೆಸರು, ಕರ್ತೃ, ಕಾಲ ಇವು ಮೂರೂ ವಿವಾದಕ್ಕೆ ಒಳಗಾದ ಸಂಗತಿಗಳೆಂಬುದು ಸರ್ವವಿದಿತ. 1949ರಲ್ಲಿ ಪರಿಷ್ಕೃತ ಪಾಠವನ್ನು ಪ್ರಕಟಿಸಿದ ಡಿ. ಎಲ್. ನರಸಿಂಹಾಚಾರ್ಯರು, ‘ವಡ್ಡಾರಾಧನೆ’ ಎಂಬುದು ಈ ಕನ್ನಡ ಕೃತಿಗಿಂತ ಅದರ ಆಕರವಾದ ಪ್ರಾಕೃತ ಆರಾಧನಾ ಗ್ರಂಥಕ್ಕೆ ಸಲ್ಲುವ ಹೆಸರಾಗಿರಬಹುದೆಂಬುದನ್ನೂ ‘ಉಪಸರ್ಗ ಕೇವಲಿಗಳ ಕಥೆ’ ಎಂಬ ಇನ್ನೊಂದು ಹೆಸರುಂಟೆಂಬುದನ್ನೂ ವಿದ್ವಾಂಸರ ಗಮನಕ್ಕೆ ತಂದರು. ಇದರ ಕರ್ತೃ ಭ್ರಾಜಿಷ್ಣುವೆಂದೂ ಇದರ ನಿಜನಾಮ ‘ಆರಾಧನಾ ಕರ್ಣಾಟ ಟೀಕಾ’ ಎಂದೂ ಹಂಪ. ನಾಗರಾಜಯ್ಯನವರು ವಾದಿಸಿದ್ದಾರೆ, ರಾಮಚಂದ್ರ ಮುಮುಕ್ಷುವಿನ ಪುಣ್ಯಾಸ್ರವ ಕಥಾಕೋಶದ ಉಲ್ಲೇಖವು ಈ ವಾದಕ್ಕೆ ಬಲವಾದ ಆಧಾರ. ಶಿವಕೋಟ್ಯಾಚಾರ್ಯನೇ ಕರ್ತೃವೆಂಬ ಪಕ್ಷದವರಲ್ಲಿ ಅವನು ಕೋಗಳಿ ನಾಡಿನವನೆಂಬ ಅಭಿಪ್ರಾಯವೂ ಪ್ರಚಲಿತವಾಗಿದೆ. ಈ ಎರಡನೆಯ ಅಭಿಪ್ರಾಯವನ್ನು ಸಿದ್ಧಾಂತವೆಂದು ಹಿಡಿಯುವುದಕ್ಕೆ ಬೇಕಾದಷ್ಟು ಸಾಮಗ್ರಿ ಒದಗಿಲ್ಲವಾದರೂ, ಇಂಥ ಕೃತಿಗೆ ಕೋಗಳಿಯು ಅಸಂಗತವಾದ ನೆಲೆಯಲ್ಲವೆಂಬುದನ್ನು ಮಾತ್ರ ಒಪ್ಪಬೇಕಾಗುತ್ತದೆ.

ಕೋಗಳಿಯು ಈಗಿನ ಹಗರಿಬೊಮ್ಮನಹಳ್ಳಿ ತಾಲ್ಲೂಕಿಗೆ ಸೇರಿದ ಗ್ರಾಮ. 2021ರಲ್ಲಿ ವಿಜಯನಗರ ಜಿಲ್ಲೆಯು ರಚಿತವಾಗುವವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಹಿಂದೆ ಇದು ಕೋಗಳಿ ಐನೂರು ಎಂಬ ನಾಡಿನ ಕೇಂದ್ರ. ಇಲ್ಲಿಯ ಬಸದಿಯ 1055ರ ಶಾಸನವು ಆ ಬಸದಿಯನ್ನು ಗಂಗರ ದುರ್ವಿನೀತನು ಮಾಡಿಸಿದನೆಂದು ಹೇಳಿ, ಇಂದ್ರಕೀರ್ತಿ ಮುನಿಯು ಅದಕ್ಕೆ ಕೊಟ್ಟ ದತ್ತಿಯನ್ನು ದಾಖಲಿಸುತ್ತದೆ. ಹದಿಮೂರನೆಯ ಶತಮಾನದ ಉತ್ತರಾರ್ಧದಲ್ಲಿ, ಹೊಯ್ಸಳ ರಾಮನಾಥನ ಕಾಲದಲ್ಲಿಯೂ ಇಲ್ಲಿಯ ಚೆನ್ನಪಾರ್ಶ್ವದೇವರಿಗೆ ಭಕ್ತರು ಗದ್ಯಾಣಗಳನ್ನು ಕೊಟ್ಟರು. ಹರಪನಹಳ್ಳಿ ತಾಲ್ಲೂಕಿನ ನಂದಿಬೇವೂರಿನ ಹನ್ನೊಂದನೆಯ ಶತಮಾನದ ಶಾಸನದಲ್ಲಿ ಬರುವ ಮುನಿಯ ಹೆಸರು ಅಷ್ಟೋಪವಾಸಿ ಭಟಾರ. ವ್ರತವೇ ಹೆಸರಾಗಿ ನಿಂತ ಪರಿಸರವದು. ದುರ್ವಿನೀತನ ಗುರು ಪೂಜ್ಯಪಾದನೆಂಬ ಪರಂಪರೆಯ ಮಾತನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಒಪ್ಪಲಿ ಬಿಡಲಿ, ಪ್ರಸ್ತುತ ವಿಷಯಕ್ಕೆ ಪೂಜ್ಯಪಾದನು ಇನ್ನೊಂದು ದಾರಿಯಿಂದ ಅಗತ್ಯವಾಗಿ ಬರುತ್ತಾನೆ.

ವಿಮರ್ಶಕರು ಸಾಕಷ್ಟು ತೂಗಿ ನೋಡದ ಒಂದು ಶಬ್ದವು ಗ್ರಂಥಾಂತ್ಯದಲ್ಲಿದೆ. ಆ ಶಬ್ದ ‘ಕವಚ’. ಹತ್ತೊಂಬತ್ತು ಕಥೆಗಳನ್ನು ಮುಗಿಸಿ ಲೇಖಕನು ಇವನ್ನು ವಡ್ಡಾರಾಧನೆಯ ಕವಚವೆಂದು ಕರೆಯುತ್ತಾನೆ. ಶಿವಾರ್ಯನ ಭಗವತೀ ಆರಾಧನೆಯಲ್ಲಿ ಕವಚವೆಂಬುದು ಒಂದು ಅಧಿಕಾರದ ಹೆಸರು. ಪ್ರತಿಯೊಂದು ಕಥೆಯ ತಲೆಯಲ್ಲಿ ಬರುವ ಪ್ರಾಕೃತ ಗಾಹೆಗಳು ಆ ಅಧಿಕಾರದಲ್ಲಿ ಒಂದರ ಹಿಂದೊಂದರಂತೆ ಸಾಲಾಗಿ ದೊರೆಯುವುದನ್ನು ಡಾ. ಆ. ನೇ. ಉಪಾಧ್ಯೆಯವರು ಹರಿಷೇಣನ ಬೃಹತ್ಕಥಾಕೋಶಕ್ಕೆ 1943ರಲ್ಲಿ ಬರೆದ ಪೀಠಿಕೆಯಲ್ಲಿ ವಿಶದಪಡಿಸಿದ್ದಾರೆ. ಸಲ್ಲೇಖನವನ್ನು ಕೈಕೊಂಡ ಕ್ಷಪಕನಿಗೆ ಹಸಿವು, ನೀರಡಿಕೆ, ರೋಗಬಾಧೆಗಳು ಅಡರಿದಾಗ ನಿರ್ಯಾಪಕಾಚಾರ್ಯನು ಅವನ ಕಿವಿಯಲ್ಲಿ ಹೇಳಬೇಕಾದ ಮಾತುಗಳೇ ಕವಚ. ಯುದ್ಧಭೂಮಿಯಲ್ಲಿ ಬಾಣವನ್ನು ತಡೆಯುವ ಕವಚದಂತೆ ಇವು ಪರೀಷಹಗಳನ್ನು ತಡೆಯಬೇಕು. ಆದಕಾರಣ ಈ ಹತ್ತೊಂಬತ್ತು ಕಥೆಗಳನ್ನು ಕೇಳಬೇಕಾದವನು, ನಿರ್ಣಯವನ್ನು ಈಗಾಗಲೇ ಮಾಡಿ ಅದನ್ನು ಕಡೆಯವರೆಗೆ ಕೊಂಡೊಯ್ಯಬೇಕಾದ ಒಬ್ಬ ಮುಮೂರ್ಷು. ಬಿಡುವಿನಲ್ಲಿ ಓದುವ ಸಹೃದಯನಾಗಲಿ ಪಾಠಶಾಲೆಯ ವಿದ್ಯಾರ್ಥಿಯಾಗಲಿ ಮೂಲದ ಲಕ್ಷ್ಯದಲ್ಲಿರಲಿಲ್ಲ.

ಹಾಗಾದರೆ ಅಂಥವನಿಗೆ ಆಚಾರ್ಯನು ಏನು ಹೇಳಬೇಕು? ಭಗವತೀ ಆರಾಧನೆಯ ಉತ್ತರವು ಈ ಚರ್ಚೆಯ ತಿರುಳು. ನಾಲ್ಕು ಬಗೆಯ ಕಥೆಗಳುಂಟು: ಆಕ್ಷೇಪಣಿ, ವಿಕ್ಷೇಪಣಿ, ಸಂವೇಜನಿ, ನಿರ್ವೇಜನಿ. ಇವುಗಳಲ್ಲಿ ಪರಮತಗಳನ್ನು ಎತ್ತಿ ಖಂಡಿಸುವ ವಿಕ್ಷೇಪಣಿಯನ್ನು ಕ್ಷಪಕನಿಗೆ ಹೇಳತಕ್ಕದ್ದಲ್ಲ. ಪೂರ್ವಪಕ್ಷವನ್ನು ಕೇಳುತ್ತಿರುವಾಗಲೇ ಆಯುಸ್ಸು ಮುಗಿದರೆ ಅವನ ಚಿತ್ತವು ಎಲ್ಲಿ ನಿಲ್ಲುತ್ತದೆಂಬುದು ಅಲ್ಲಿಯ ಶಂಕೆ. ಖಂಡನಮಂಡನಗಳಲ್ಲಿ ಜಗತ್ತಿನ ಯಾವ ಪರಂಪರೆಗೂ ಹಿಂದೆ ಬೀಳದ ಜೈನ ಪರಂಪರೆ, ಸ್ಯಾದ್ವಾದವನ್ನು ರಚಿಸಿದ ಪರಂಪರೆ, ಮರಣಶಯ್ಯೆಯ ಬಳಿಯಲ್ಲಿ ವಾದವನ್ನು ಹೊರಗಿಟ್ಟಿತೆಂಬುದು ಬಹಳ ಗಮನಾರ್ಹ. ಒಳಗೆ ಬಿಟ್ಟದ್ದು ಸಂವೇಗವನ್ನೂ ನಿರ್ವೇದವನ್ನೂ ಹುಟ್ಟಿಸುವ ಕಥೆಗಳನ್ನು. ಇವೆರಡೂ ಭಾವಗಳೇ. ಅಷ್ಟರಲ್ಲಿಯೂ ನಿಲ್ಲದೆ ಆಚಾರ್ಯನು ಕ್ಷಪಕನ ಅಭಿಮಾನವನ್ನು ಕೆಣಕುತ್ತಾನೆ. ಸಂಘದ ಮುಂದೆ ಪ್ರತಿಜ್ಞೆ ಮಾಡಿದವನು ಈಗ ಹಿಂಜರಿದರೆ ಕುಲೀನನಾದ ಭಟನು ರಣದಿಂದ ಓಡಿದಂತಾಗುವುದಿಲ್ಲವೆ ಎಂದು ಕೇಳುತ್ತಾನೆ. ಲಜ್ಜೆ, ಸ್ನೇಹ, ಉತ್ಸಾಹ ಇವೆಲ್ಲವೂ ಅವನ ಉಪಕರಣಗಳು. ನಲವತ್ತೆಂಟು ಜನ ನಿರ್ಯಾಪಕರು ಇರಬೇಕಾದ ಪೂರ್ಣ ವ್ಯವಸ್ಥೆಯಲ್ಲಿ ನಾಲ್ವರಿಗೆ ಧರ್ಮಕಥೆಯನ್ನು ಹೇಳುವುದೇ ಕೆಲಸ.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ತಿರುಗಿದವರಿಗೆ ಆ ಭಟನ ಹೋಲಿಕೆಯು ಪುಸ್ತಕದ ಅಲಂಕಾರವೆನಿಸಲಾರದು. ಊರಿನ ಗಡಿಯಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ ನಿಂತ ವೀರಗಲ್ಲುಗಳು ಈ ನಾಡಿನ ಸಾಮಾನ್ಯ ದೃಶ್ಯ. ತುರುಗಾಳಗದಲ್ಲಿ ಮಡಿದವನ ಕಲ್ಲನ್ನೂ ಸಮಾಧಿಯಲ್ಲಿ ಮುಡಿಪಿದವನ ನಿಷಿಧಿಯನ್ನೂ ಒಂದೇ ನಾಡಿನ ಜನ ನಿಲ್ಲಿಸಿದರು, ಒಂದೇ ನಾಡಿನ ಕಲ್ಲುಕುಟಿಗರು ಕೆತ್ತಿದರು. ಇವುಗಳಲ್ಲಿ ಒಂದು ಆವೇಶದ ಮರಣ, ಇನ್ನೊಂದು ವಿವೇಕದ ಮರಣ ಎಂದು ಬೇರ್ಪಡಿಸುವುದು ಇಂದಿನವರಿಗೆ ಸುಲಭ. ಶಿವಾರ್ಯನು ಮಾತ್ರ ಎರಡನೆಯದಕ್ಕೆ ಬೇಕಾದ ಧೈರ್ಯವನ್ನು ಮೊದಲನೆಯದರಿಂದಲೇ ಕಡ ತಂದಿದ್ದಾನೆ.

ಇನ್ನು ಕಥೆಗಳಿಗೆ ಬರಬಹುದು. ಹತ್ತೊಂಬತ್ತನ್ನೂ ಇಲ್ಲಿ ಪರಿಶೀಲಿಸುವುದು ಅನಗತ್ಯ. ಸುಕುಮಾರಸ್ವಾಮಿಯ ಕಥೆಯೊಂದೇ ಸಾಕು. ಅದು ನಿರ್ಣಯಗಳ ಒಂದು ಸರಪಳಿ.

ಕೌಶಾಂಬಿಯ ಪುರೋಹಿತನ ಮಕ್ಕಳಾದ ಅಗ್ನಿಭೂತಿ ವಾಯುಭೂತಿಗಳು ಓದದೆ ಕೆಟ್ಟು, ತಂದೆ ಸತ್ತ ಬಳಿಕ ಪದವಿಯನ್ನು ಕಳೆದುಕೊಂಡು, ತಾಯಿಯ ಮಾತಿನಂತೆ ರಾಜಗೃಹದಲ್ಲಿದ್ದ ಸೋದರಮಾವ ಸೂರ್ಯಮಿತ್ರನಲ್ಲಿಗೆ ಬರುತ್ತಾರೆ. ಅಳಿಯಂದಿರೆಂದು ಒಪ್ಪಿಕೊಂಡರೆ ಸಲಿಗೆಯಲ್ಲಿ ಕೆಡುತ್ತಾರೆಂದು ತಿಳಿದ ಅವನು ತನಗೆ ಅಂಥ ಸಂಬಂಧವೇ ಇಲ್ಲವೆಂದು ಹೇಳಿ, ಭಿಕ್ಷೆಯಿಂದ ಉಂಡು ಓದುವುದಾದರೆ ಓದಿರೆನ್ನುತ್ತಾನೆ. ವಿದ್ಯೆ ಮುಗಿದ ಮೇಲೆ ನಿಜವನ್ನು ತಿಳಿಸಿ ಸತ್ಕರಿಸಿ ಕಳಿಸುತ್ತಾನೆ. ಅಣ್ಣನಿಗೆ ಇದು ಉಪಕಾರವಾಗಿ ಕಾಣುತ್ತದೆ, ತಮ್ಮನಿಗೆ ಅವಮಾನವಾಗಿ. ಇಬ್ಬರೂ ಉಂಡ ಭಿಕ್ಷೆ ಒಂದೇ, ಕಲಿತ ಶಾಸ್ತ್ರ ಒಂದೇ, ಕೇಳಿದ ಮಾತು ಒಂದೇ. ಯುಕ್ತಿಗೆ ಒದಗಿದ ಸಾಮಗ್ರಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ವಾಯುಭೂತಿಯು ಅವಿವೇಕಿಯೆಂದು ಹೇಳಿ ಮುಗಿಸುವಂತಿಲ್ಲ. ಅವನು ವೇದವೇದಾಂಗಗಳನ್ನು ಬಲ್ಲವನು. ಇಲ್ಲಿ ಭೇದವಿರುವುದು ಕಷಾಯದಲ್ಲಿ. ಮಾನವು ಅವನಲ್ಲಿ ಮೊದಲು ಕೂತು, ತರ್ಕವು ಅನಂತರ ಬಂದು ಅದಕ್ಕೆ ಕಾರಣಗಳನ್ನು ಒದಗಿಸುತ್ತದೆ.

ಸೂರ್ಯಮಿತ್ರನ ದೀಕ್ಷೆಯ ಪ್ರಸಂಗವು ಇದಕ್ಕಿಂತ ವಿಚಿತ್ರ. ಅರಸನ ಉಂಗುರವನ್ನು ಕಳೆದುಕೊಂಡು ಭಯಪಟ್ಟ ಅವನು ಅದು ಇರುವ ಎಡೆಯನ್ನು ಸುಧರ್ಮ ಭಟಾರರಿಂದ ತಿಳಿಯುತ್ತಾನೆ. ಆ ಜ್ಞಾನವನ್ನು ಹೇಗಾದರೂ ಸಂಪಾದಿಸಬೇಕೆಂಬ ಆಸೆಯಿಂದ, ಕಲಿತ ಮೇಲೆ ಬಿಟ್ಟರಾಯಿತೆಂದು ಲೆಕ್ಕಹಾಕಿ ದೀಕ್ಷೆ ವಹಿಸುತ್ತಾನೆ. ಇದು ಭಯ ಲೋಭಗಳಿಂದ ಹುಟ್ಟಿದ, ಆದರೆ ಚೆನ್ನಾಗಿ ಎಣಿಸಿ ಮಾಡಿದ ನಿರ್ಣಯ. ಆಗಮಗಳನ್ನು ಕಲಿಯುತ್ತ ಹೋದಂತೆ ಲೆಕ್ಕ ಕರಗುತ್ತದೆ, ದೀಕ್ಷೆ ಉಳಿಯುತ್ತದೆ. ಶುದ್ಧವಾದ ಉದ್ದೇಶದಿಂದಲೇ ಶುದ್ಧವಾದ ನಿರ್ಣಯ ಹುಟ್ಟಬೇಕೆಂಬ ಹಟ ವಡ್ಡಾರಾಧನಕಾರನಿಗಿಲ್ಲ. ಬೋಧಕವಾಗಿರಬೇಕಾದ ಕಥೆಯಲ್ಲಿ ಇಂಥ ಔದಾರ್ಯವು ಅಪರೂಪ.

ಮುಂದೆ ನಾಗಶ್ರೀಯ ಭವ. ಮುನಿಗಳಿಂದ ಪಂಚವ್ರತಗಳನ್ನು ಪಡೆದ ಮಗಳ ಮೇಲೆ ಸಿಟ್ಟಾದ ನಾಗಶರ್ಮನು ವ್ರತಗಳನ್ನು ಅವರಿಗೇ ಹಿಂದಿರುಗಿಸೆಂದು ಅವಳನ್ನು ಕರೆದುಕೊಂಡು ಹೊರಡುತ್ತಾನೆ. ದಾರಿಯಲ್ಲಿ ಕೊಲೆ, ಸುಳ್ಳು, ಕಳವು ಮೊದಲಾದ ಒಂದೊಂದು ಅಪರಾಧಕ್ಕೆ ಶಿಕ್ಷೆಗೊಳಗಾದ ಒಬ್ಬೊಬ್ಬರನ್ನು ಕಂಡು, ಈ ವ್ರತವನ್ನು ಹಿಂದಕ್ಕೆ ಕೊಡಲೆ ಎಂದು ಹುಡುಗಿ ಕೇಳುತ್ತಾಳೆ; ಅದೊಂದಿರಲಿ, ಉಳಿದವನ್ನು ಕೊಡೋಣವೆಂದು ತಂದೆ ಹೇಳುತ್ತಾನೆ. ಹೀಗೆ ಒಂದೊಂದಾಗಿ ಐದೂ ಉಳಿದುಬಿಡುತ್ತವೆ. ಇದನ್ನು ಯುಕ್ತಿಯ ಜಯವೆಂದು ಓದುವುದು ರೂಢಿ. ಸೂಕ್ಷ್ಮವಾಗಿ ನೋಡಿದರೆ ನಾಗಶರ್ಮನನ್ನು ಒಪ್ಪಿಸಿದ್ದು ಹುಡುಗಿಯ ವಾದವಲ್ಲ, ಕಣ್ಣೆದುರಿನ ಶಿಕ್ಷೆ. ಭಯವೂ ಜುಗುಪ್ಸೆಯೂ ಅವನಲ್ಲಿ ಮಾಡಿದ ಕೆಲಸವನ್ನು ಅವನ ಪಾಂಡಿತ್ಯವು ಮಾಡಿರಲಿಲ್ಲ. ಅಷ್ಟಾದರೂ ಸಿಟ್ಟು ಇಳಿಯದೆ, ವ್ರತ ಕೊಟ್ಟವರೊಡನೆ ಜಗಳವಾಡಲು ನಡೆದೇ ಹೋಗುತ್ತಾನೆ! ಬುದ್ಧಿ ಒಪ್ಪಿದ ಮೇಲೆಯೂ ಕೋಪವು ತನ್ನ ದಾರಿಯಲ್ಲಿ ನಡೆಯುವುದನ್ನು ಇಷ್ಟು ಲಘುವಾದ ಕೈಯಿಂದ ಚಿತ್ರಿಸಿದ ಭಾಗ ಪ್ರಾಚೀನ ಗದ್ಯದಲ್ಲಿ ಹೆಚ್ಚಿಲ್ಲ.

ಸುಕುಮಾರನ ತಾಯಿ ಯಶೋಭದ್ರೆಯ ನಡತೆಯಲ್ಲಿ ಈ ವಿಷಯವು ಅತ್ಯಂತ ತೀಕ್ಷ್ಣವಾಗಿದೆ. ಮಗ ಹುಟ್ಟಿದೊಡನೆ ಗಂಡ ತಪಸ್ಸಿಗೆ ಹೋದ. ಮಗನೂ ಋಷಿಯರನ್ನು ಕಂಡ ದಿನ ಹೋಗುವನೆಂಬ ಆದೇಶವಿದೆ. ಆಗ ಅವಳು ಮಾಡುವ ಏರ್ಪಾಡುಗಳಲ್ಲಿ ಭಾವಾವೇಶದ ಲಕ್ಷಣ ಒಂದೂ ಇಲ್ಲ. ಋಷಿಯರು ಮನೆಯನ್ನು ಹೊಗದಂತೆ ಕಟ್ಟುಮಾಡುತ್ತಾಳೆ, ಮಾಡಗಳನ್ನು ಕಟ್ಟಿಸುತ್ತಾಳೆ, ಮೂವತ್ತಿಬ್ಬರು ಕನ್ಯೆಯರನ್ನು ತರುತ್ತಾಳೆ. ಅರಸನಿಂದಲೂ ಕೊಳ್ಳಲಾಗದ ರತ್ನಕಂಬಳವನ್ನು ಕೊಂಡು ಸೊಸೆಯರ ಕೆರ್ಪಿಗೆ ಬಳಸುತ್ತಾಳೆ. ದೀಪದ ಕುಡಿಯನ್ನು ನೋಡಿದರೆ ಮಗನ ಕಣ್ಣಲ್ಲಿ ನೀರು, ಆಸನದಲ್ಲಿ ಬಿದ್ದ ಸಾಸಿವೆಯ ಕಾಳು ಅವನಿಗೆ ಒತ್ತುತ್ತದೆ. ಮುಂದಾಲೋಚನೆ, ಸಾಧನಗಳ ಆಯ್ಕೆ, ಫಲದ ಲೆಕ್ಕ ಎಲ್ಲವೂ ನಿರ್ದುಷ್ಟ. ಲೌಕಿಕರು ವಿವೇಕವೆಂದು ಕರೆಯುವುದೆಲ್ಲ ಅವಳಲ್ಲಿದೆ, ಮತ್ತು ಆ ವಿವೇಕವೆಲ್ಲ ಮೋಹದ ಊಳಿಗದಲ್ಲಿದೆ. ಮಗನನ್ನು ಕೊಂಡೊಯ್ದದ್ದಾದರೂ ಏನು? ಮುನಿಯೊಬ್ಬರು ಪಠಿಸಿದ ದೇವಲೋಕದ ವರ್ಣನೆಯು ಕಿವಿಗೆ ಬಿದ್ದು ಜಾತಿಸ್ಮರಣ ಉಂಟಾಯಿತು. ಆಯುಸ್ಸು ಮೂರೇ ದಿನವೆಂದು ತಿಳಿಯಿತು. ಬಟ್ಟೆಗಳನ್ನು ಗಂಟುಹಾಕಿ ಮಾಡದಿಂದ ಇಳಿದುಹೋದ. ತಾಯಿ ವರ್ಷಗಟ್ಟಲೆ ಎಣಿಸಿ ಕಟ್ಟಿದ್ದನ್ನು ಮಗ ಒಂದು ಗಳಿಗೆಯ ಸಂವೇಗದಿಂದ ದಾಟಿದ. ವಿವೇಕದ ಪಕ್ಷ ಯಾವುದು, ಭಾವದ ಪಕ್ಷ ಯಾವುದು ಎಂದು ಇಲ್ಲಿ ಗೆರೆ ಎಳೆಯಲು ಹೊರಟವರಿಗೆ ಎಳೆದ ಗೆರೆಯೇ ತಿರುಗುಮುರುಗಾಗುತ್ತದೆ.

ಕಥೆಯ ದೋಷವನ್ನೂ ಹೇಳಬೇಕು. ಒಳ್ಳೆಯ ಮಾತನ್ನು ಹೇಳಿದ ಅತ್ತಿಗೆ ಸೋಮದತ್ತೆಯನ್ನು ವಾಯುಭೂತಿಯು ಒದೆಯುತ್ತಾನೆ. ಒದೆದ ಕಾಲನ್ನು ಮುಂದಿನ ಭವದಲ್ಲಿ ಮಕ್ಕಳೊಡನೆ ತಿನ್ನುವೆನೆಂದು ಅವಳು ನಿದಾನ ಮಾಡುತ್ತಾಳೆ. ಆ ನಿದಾನದ ಫಲವಾಗಿ ನರಿಯಾಗಿ ಹುಟ್ಟಿ, ಸುಕುಮಾರನ ಎಳೆಯ ಅಡಿಗಳಿಂದ ಸುರಿದ ನೆತ್ತರ ಜಾಡನ್ನು ಹಿಡಿದು ಬಂದು ಅವನನ್ನು ತಿನ್ನುತ್ತಾಳೆ. ಅವಳ ಕೋಪಕ್ಕೆ ನ್ಯಾಯವಾದ ಕಾರಣವಿತ್ತೆಂಬುದರ ಮೇಲೆ ಕಥಕನು ಒಂದು ಗಳಿಗೆಯೂ ನಿಲ್ಲುವುದಿಲ್ಲ. ಭವಾವಳಿಯ ಲೆಕ್ಕ ಕೂಡಿಬರಬೇಕೆಂಬ ಅವಸರದಲ್ಲಿ ಪಾತ್ರವು ಲೆಕ್ಕದ ಒಂದು ಅಂಕೆಯಾಗಿ ಉಳಿದಿದೆ. ಆದರೂ ಅವಳ ಕೋಪವನ್ನು ಶಾಸ್ತ್ರವು ಯಾವ ಅಳತೆಯಿಂದ ಅಳೆಯುತ್ತದೆಂಬುದು ವಿಚಾರಾರ್ಹ. ಗೊಮ್ಮಟಸಾರದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಕ್ರೋಧದ ನಾಲ್ಕು ದರ್ಜೆಗಳನ್ನು ಕಲ್ಲು, ನೆಲ, ಧೂಳು, ನೀರುಗಳ ಮೇಲೆ ಎಳೆದ ಗೆರೆಗಳಿಗೆ ಹೋಲಿಸುತ್ತಾನೆ. ಸಂಜ್ವಲನದ ವಾಸನೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು, ಅನಂತಾನುಬಂಧಿಯದು ಭವಾಂತರಗಳವರೆಗೆ. ಅಳತೆಯು ಭಾವದ ಉಗ್ರತೆಗೆ ಸಂಬಂಧಿಸಿದ್ದಲ್ಲ, ಅದು ಒಳಗೆ ನಿಲ್ಲುವ ಕಾಲಕ್ಕೆ ಸಂಬಂಧಿಸಿದ್ದು. ಆ ಗಳಿಗೆಯ ಉರಿಗಿಂತ ಅದನ್ನು ಕಾಪಿಟ್ಟುಕೊಳ್ಳುವುದೇ ಸೋಮದತ್ತೆಯ ಕೇಡು.

ಪೂಜ್ಯಪಾದನ ಸರ್ವಾರ್ಥಸಿದ್ಧಿಯು ಈ ಎಲ್ಲ ಕಥಾಸಾಮಗ್ರಿಗೆ ಶಾಸ್ತ್ರದ ಚೌಕಟ್ಟನ್ನು ಕೊಡುತ್ತದೆ. ಸರಾಗ ಸಮ್ಯಕ್ತ್ವದ ಕುರುಹುಗಳಾಗಿ ಅವನು ಹೇಳುವುದು ಪ್ರಶಮ, ಸಂವೇಗ, ಅನುಕಂಪ, ಆಸ್ತಿಕ್ಯಗಳನ್ನು. ಸಂಸಾರದ ಭೀತಿ ಮತ್ತು ಪ್ರಾಣಿಗಳ ಮೇಲಿನ ಕರುಣೆ ಸಮ್ಯಗ್ದರ್ಶನದ ಗುರುತುಗಳಾದ ಮೇಲೆ ಭಾವಮಾತ್ರವನ್ನು ದೋಷವೆನ್ನುವುದು ಹೇಗೆ? ಇನ್ನೊಂದು ಕಡೆಯಲ್ಲಿ ಜ್ಞಾನವೆಂದೊಡನೆ ಶುಭವೆಂದು ಶಾಸ್ತ್ರವು ಹೇಳುವುದಿಲ್ಲ; ಕುಮತಿ, ಕುಶ್ರುತಗಳುಂಟು. ಏಕಾಗ್ರತೆಯೂ ರಕ್ಷೆಯಲ್ಲ, ಹಿಂಸೆಯಲ್ಲಿ ಆನಂದಪಡುವ ರೌದ್ರಧ್ಯಾನವೂ ಧ್ಯಾನವೇ. ವಡ್ಡಾರಾಧನೆಯ ಚಾಣಕ್ಯನು ಪೂರ್ವಾರ್ಧದಲ್ಲಿ ಇದರ ನಿದರ್ಶನ. ಕಾಲಿಗೆ ಚುಚ್ಚಿದ ಹುಲ್ಲನ್ನು ಬೇರುಸಹಿತ ಅಗೆದು ತೆಗೆಯುವ ಆ ಬುದ್ಧಿಯಷ್ಟು ಹರಿತವಾದ ಬುದ್ಧಿ ಕಥೆಗಳಲ್ಲಿ ಮತ್ತೊಂದಿಲ್ಲ. ಅದೇ ಚಾಣಕ್ಯನು ಮುನಿಯಾಗಿ, ಸುಬಂಧು ಹೊತ್ತಿಸಿದ ಬೆಂಕಿಯಲ್ಲಿ ಸಮಭಾವದಿಂದ ಕುಳಿತಾಗ ಅವನಲ್ಲಿ ಬುದ್ಧಿಯೇನೂ ಹೆಚ್ಚಿರಲಿಲ್ಲ.

ಪಾಶ್ಚಾತ್ಯರಲ್ಲಿ ಡೇವಿಡ್ ಹ್ಯೂಮನು 1739-40ರಲ್ಲಿ ವಿವೇಕವನ್ನು ಭಾವಗಳ ದಾಸನೆಂದು ಕರೆದು ಹಳೆಯ ಮತವನ್ನು ಬುಡಮೇಲು ಮಾಡಿದನು. ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ 1994ರ ತನ್ನ ಗ್ರಂಥದಲ್ಲಿ, ಮಿದುಳಿನ ಮುಂಭಾಗಕ್ಕೆ ಪೆಟ್ಟಾಗಿ ಭಾವ ಕುಂದಿದವರು ತರ್ಕಶಕ್ತಿ ಪೂರ್ಣವಾಗಿದ್ದರೂ ಬದುಕಿನ ನಿರ್ಣಯಗಳಲ್ಲಿ ಸೋಲುವುದನ್ನು ವರ್ಣಿಸಿದನು. ಇವನ್ನು ಕಂಡು ಜೈನಾಚಾರ್ಯರು ಎಲ್ಲವನ್ನೂ ಮೊದಲೇ ಹೇಳಿದ್ದರೆಂದು ಬೀಗುವುದು ವಿದ್ವತ್ತಿಗೆ ಶೋಭೆಯಲ್ಲ. ಹ್ಯೂಮನಿಗೆ ಭಾವದ ಆಚೆಗೆ ಮೇಲ್ಮನವಿಯಿಲ್ಲ. ಜೈನ ದೃಷ್ಟಿಗೆ ವೀತರಾಗತೆಯೆಂಬ ಗಮ್ಯವುಂಟು. ಸಂವೇಗವು ಅಲ್ಲಿಯವರೆಗೆ ಒಯ್ಯುವ ದೋಣಿ.

ವಿಷಯವು ಗ್ರಂಥಗಳ ಒಳಗೇ ಉಳಿದಿಲ್ಲ. ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ಸಂಥಾರಾ ಅಥವಾ ಸಲ್ಲೇಖನವನ್ನು ಆತ್ಮಹತ್ಯೆಯ ಯತ್ನವಾಗಿ ಪರಿಗಣಿಸಬೇಕೆಂದು ತೀರ್ಪಿತ್ತಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಆತ್ಮಹತ್ಯೆಗೆ ಯತ್ನಿಸಿದವರು, ಬೇರೆ ತೋರಿಬಾರದಿದ್ದರೆ, ತೀವ್ರವಾದ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆನ್ನುತ್ತದೆ. ಈ ವಿವಾದದಲ್ಲಿ ಸಲ್ಲೇಖನದ ಸಮರ್ಥಕರು ಅದು ಭಾವರಹಿತವಾದ, ಕೇವಲ ವಿವೇಕದ ನಿರ್ಣಯವೆಂದು ವಾದಿಸಿದ್ದುಂಟು. ಸದುದ್ದೇಶದ ವಾದವಾದರೂ ಇದು ಶಾಸ್ತ್ರವನ್ನು ಪೂರ್ತಿಯಾಗಿ ಪ್ರತಿನಿಧಿಸುವುದಿಲ್ಲ. ಪೂಜ್ಯಪಾದನ ಸಮಾಧಾನವು ಇದಕ್ಕಿಂತ ಎಚ್ಚರದ್ದು. ಹಿಂಸೆಯಾಗುವುದು ಪ್ರಮತ್ತಯೋಗದಿಂದ, ರಾಗ ದ್ವೇಷ ಮೋಹಗಳಿಂದ ವಿಷಶಸ್ತ್ರಾದಿಗಳನ್ನು ಬಳಸುವವನಿಗೆ ಆತ್ಮಘಾತ. ಸಲ್ಲೇಖನದವನು ಮನೆಗೆ ಬೆಂಕಿ ಬಿದ್ದ ವ್ಯಾಪಾರಿಯಂತೆ. ಅವನಿಗೆ ಮನೆ ಬೇಡವಾಗಿಲ್ಲ, ಮೊದಲು ಬೆಂಕಿಯನ್ನು ಆರಿಸಲು ಹೆಣಗುತ್ತಾನೆ, ಆಗದಿದ್ದಾಗ ಸರಕನ್ನಾದರೂ ಉಳಿಸುತ್ತಾನೆ. ಉಪಸರ್ಗ, ದುರ್ಭಿಕ್ಷ, ಜರೆ, ರೋಗಗಳು ಪ್ರತೀಕಾರವಿಲ್ಲದಂತಾದಾಗ ಮಾತ್ರವೆಂದು ಸಮಂತಭದ್ರನು ವಿಧಿಸಿದ್ದೂ ಇದಕ್ಕಾಗಿಯೇ. ಅತಿಚಾರಗಳ ಪಟ್ಟಿಯು ಇನ್ನೂ ಹೆಚ್ಚು ಸೂಕ್ಷ್ಮ: ಜೀವಿತಾಶಂಸೆ, ಮರಣಾಶಂಸೆ, ಮಿತ್ರಾನುರಾಗ, ಸುಖಾನುಬಂಧ, ನಿದಾನ. ಬದುಕುವ ಆಸೆಯ ಪಕ್ಕದಲ್ಲಿಯೇ ಸಾಯುವ ಆಸೆಯನ್ನೂ ದೋಷವೆಂದು ಇಟ್ಟದ್ದನ್ನು ನ್ಯಾಯಾಲಯದ ಮುಂದೆ ವಾದಿಸುವವರು ಮುಂದಿಟ್ಟಷ್ಟೂ ಒಳ್ಳೆಯದು. ಕ್ಷಪಕನಿಗೆ ಭಾವಗಳೇ ಇಲ್ಲವಾಗಿದ್ದರೆ ಅತಿಚಾರಗಳ ಎಣಿಕೆಯೂ ಬೇಕಿರಲಿಲ್ಲ, ಕವಚವೂ ಬೇಕಿರಲಿಲ್ಲ.

ಕೊಟ್ಟೂರಿನ ಒಂದು ಐತಿಹ್ಯವನ್ನು ಇಲ್ಲಿ ನೆನೆಯಬಹುದು. ಅಲ್ಲಿಯ ಮೂರುಕಲ್ಲು ಮಠವು ಮೊದಲು ಬಸದಿಯಾಗಿದ್ದು, ಅಲ್ಲಿಯ ಜೈನರು ಶರಣರೊಡನೆ ವಾದದಲ್ಲಿ ಸೋತ ಬಳಿಕ ಮಠವಾಯಿತೆಂಬ ಮಾತನ್ನು ಫ್ರಾನ್ಸಿಸನು 1904ರ ಬಳ್ಳಾರಿ ಜಿಲ್ಲಾ ಗೆಜೆಟಿಯರಿನಲ್ಲಿ ದಾಖಲಿಸಿದ್ದಾನೆ. ಇದರ ಐತಿಹಾಸಿಕತೆ ಹೇಗೂ ಇರಲಿ. ಊರಿಗೆ ಊರೇ ಒಂದು ವಾದದ ಸೋಲುಗೆಲವುಗಳಿಂದ ಮನಸ್ಸನ್ನು ಬದಲಿಸುತ್ತದೆಂಬ ನಂಬಿಕೆಯು, ಹೇಳಿದವರು ಯಾರೇ ಆಗಿರಲಿ, ವಿವೇಕದ ಶಕ್ತಿಯನ್ನು ಕುರಿತ ದೊಡ್ಡ ಭರವಸೆ. ಕೋಗಳಿಯ ಶಾಸನಗಳು ತೋರಿಸುವುದು ಬೇರೆ ಚಿತ್ರ. 1055ರಿಂದ ರಾಮನಾಥನ ಕಾಲದವರೆಗೆ ಇನ್ನೂರು ವರ್ಷಗಳಿಗೂ ಮಿಕ್ಕು ಜನರು ಒಂದು ಬಸದಿಗೆ ಕೊಡುತ್ತ ಬಂದರು. ಆ ಕೊಡುಗೆಗಳ ಹಿಂದೆ ತರ್ಕಕ್ಕಿಂತ ಬಳಕೆ, ಭಕ್ತಿ, ಮನೆತನದ ಅಭಿಮಾನ ಇವೇ ಹೆಚ್ಚಾಗಿರಬೇಕು.

ವಡ್ಡಾರಾಧನೆಯ ಹಸ್ತಪ್ರತಿಗಳನ್ನು ಮುಂದೆ ಪರಿಶೀಲಿಸುವವರು ಗಮನಿಸಬೇಕಾದ ಒಂದು ಸಂಗತಿಯುಂಟು. ಗ್ರಂಥಾಂತ್ಯದ ‘ಕವಚ’ ಶಬ್ದವನ್ನು ಈವರೆಗೆ ಕರ್ತೃನಿರ್ಣಯದ ಸಾಧನವಾಗಿಯೇ ಹೆಚ್ಚಾಗಿ ಬಳಸಲಾಗಿದೆ. ಪ್ರತಿಕಾರರು ಅದನ್ನು ಗ್ರಂಥನಾಮದ ಭಾಗವಾಗಿ ತಿಳಿದರೋ ಅಧಿಕಾರದ ಹೆಸರಾಗಿ ತಿಳಿದರೋ ಎಂಬುದನ್ನು ಓಲೆಗಳ ಅಂಚಿನ ಬರಹಗಳಿಂದಲೂ ಸಂಧಿವಿಭಾಗದ ಗುರುತುಗಳಿಂದಲೂ ಹುಡುಕಬೇಕು. ಅದರೊಡನೆ ಕೋಗಳಿ ಸುತ್ತಿನ 5 ತಾಲ್ಲೂಕುಗಳ ನಿಷಿಧಿಗಳನ್ನೆಲ್ಲ ಒಂದೆಡೆ ಪಟ್ಟಿಮಾಡಿ, ಅವುಗಳಲ್ಲಿ ಮರಣವನ್ನು ಹೇಳುವ ಕ್ರಿಯಾಪದಗಳನ್ನು ಅಲ್ಲಿಯ ವೀರಗಲ್ಲುಗಳ ಕ್ರಿಯಾಪದಗಳೊಡನೆ ಹೋಲಿಸುವ ಕೆಲಸವೂ ಆಗಬೇಕಾಗಿದೆ.